ಹೊಸ ಫೋನನ್ನು ಮೊದಲು ಬಿಸಿಲಿಗೆ ತನ್ನಿ: ವಿಜಯಪುರದ ರಿಪೇರಿ ಮೇಜಿನ ಮುಂದೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ಗಾಂಧಿ ಚೌಕದಿಂದ ಸ್ವಲ್ಪ ಒಳಗೆ, ಒಂದು ಓಣಿಯಲ್ಲಿ ನನ್ನ ರಿಪೇರಿ ಅಂಗಡಿ ಇದೆ. ನಾನು ಫೋನ್ ಮಾರುವುದಿಲ್ಲ, ಬಿಚ್ಚುತ್ತೇನೆ. ತಿಕೋಟಾ, ಬಬಲೇಶ್ವರ, ಇಂಡಿ ಕಡೆಯ ಜನ ಹೊಸ ಫೋನ್ ತಗೊಳ್ಳುವ ಮುಂಚೆ ಒಮ್ಮೆ ಇಣುಕಿ, "ಅಣ್ಣಾ, ಇದು ಛಲೋ ಐತೇನ್ರಿ?" ಎಂದು ಕೇಳಿ ಹೋಗುತ್ತಾರೆ. ಅದೇ ಉತ್ತರವನ್ನು ದಿನಕ್ಕೆ ಹತ್ತು ಸಲ ಹೇಳಿ ಗಂಟಲು ಒಣಗಿದೆ. ಅದಕ್ಕೇ ಬರೆದಿಟ್ಟೆ.

ಅಂಗಡಿಯವರು ಫೋನ್ ಕೈಗೆ ಕೊಟ್ಟ ಕೂಡಲೇ ಮೊದಲು ಏನು ನೋಡಬೇಕು?

ಏನೂ ನೋಡಬೇಡಿ. ಅದನ್ನು ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಬನ್ನಿ, ಬಿಸಿಲಿಗೆ ನಿಲ್ಲಿ. ಡೆಮೊ ಫೋನಿಗೆ ಸರಪಳಿ ಇದ್ದರೆ ಬಿಚ್ಚಿಕೊಡಲು ಕೇಳಿ. ಇಪ್ಪತ್ತು ಸಾವಿರ ಕೊಡುವವರು ನೀವು, ಇಷ್ಟು ಕೇಳುವ ಹಕ್ಕು ನಿಮಗಿದೆ.

ಶೋರೂಮಿನ ಏಸಿ ಗಾಳಿಯಲ್ಲಿ, ಬಿಳಿ ದೀಪದ ಕೆಳಗೆ ಎಲ್ಲ ಫೋನುಗಳೂ ಮದುಮಗನ ಹಾಗೆ ಕಾಣುತ್ತವೆ. ನೀವು ಬಳಸುವುದು ಅಲ್ಲಿ ಅಲ್ಲವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದ ಬದುವಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಬೈಕಿನ ಮೇಲೆ ಬಳಸುತ್ತೀರಿ. ಹಾಗಾಗಿ ಹತ್ತು ನಿಮಿಷ ಬಿಸಿಲಲ್ಲಿ ನಿಂತು ಕ್ಯಾಮೆರಾ ತೆರೆಯಿರಿ, ಮೆಸೇಜ್ ಓದಿ, ಕೈಗೆ ಎಷ್ಟು ಬಿಸಿ ಬರುತ್ತದೆ ನೋಡಿ. ಮೊದಲ ಎರಡು ನಿಮಿಷ ಪಳಪಳ ಹೊಳೆಯುವ ಡಿಸ್‌ಪ್ಲೇ, ಫೋನ್ ಕಾದ ಮೇಲೆ ತಾನಾಗಿ ಮಂಕಾಗಬಹುದು. ಒಳಗಿನ ಭಾಗಗಳು ಸುಡದಿರಲಿ ಎಂದು ಫೋನೇ ಬೆಳಕು ಇಳಿಸುತ್ತದೆ. ಇದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ.

ತಂಪು ಕನ್ನಡಕ ಹಾಕುವವರು ಅದನ್ನೂ ಹಾಕಿಕೊಂಡು ನೋಡಿ. ಕೆಲವು ಡಿಸ್‌ಪ್ಲೇಗಳು ಪೋಲರೈಸ್ಡ್ ಕನ್ನಡಕದಲ್ಲಿ, ಫೋನ್ ಅಡ್ಡ ಹಿಡಿದಾಗ ಪೂರ್ತಿ ಕಪ್ಪಾಗಿ ಕಾಣುತ್ತವೆ. ಒಬ್ಬರು ಇದನ್ನೇ ಡಿಸ್‌ಪ್ಲೇ ಹೋಗಿದೆ ಎಂದುಕೊಂಡು ಇಂಡಿಯಿಂದ ನನ್ನ ಹತ್ತಿರ ಬಂದಿದ್ದರು. ಕನ್ನಡಕ ತೆಗೆಸಿದೆ, ಫೋನ್ ಸರಿಯಾಯಿತು. ರೊಕ್ಕ ತಗೊಳ್ಳಲಿಲ್ಲ, ಚಹಾ ಕುಡಿಸಿ ಹೋದರು.

4500 ನಿಟ್ಸ್ ಎಂದು ಬರೆದಿದ್ದಾರೆ. ಬಿಸಿಲಲ್ಲಿ ಚೆನ್ನಾಗಿ ಕಾಣುತ್ತದೆ ಅಲ್ವಾ?

ನಿಟ್ಸ್ ಅಂದರೆ ಡಿಸ್‌ಪ್ಲೇಯ ಬೆಳಕಿನ ಅಳತೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು ನಿಜ. ಆದರೆ ಜಾಹೀರಾತಿನ ಆ ದೊಡ್ಡ ಸಂಖ್ಯೆಗೆ ಪೀಕ್ ಎನ್ನುತ್ತಾರೆ. ಡಿಸ್‌ಪ್ಲೇಯ ಒಂದು ಸಣ್ಣ ಮೂಲೆ ಮಾತ್ರ ಬೆಳಗಿ, ಉಳಿದದ್ದು ಕಪ್ಪಿದ್ದಾಗ ಸಿಗುವ ಅಳತೆ ಅದು. ಮನೆಯ ಎಲ್ಲ ನಲ್ಲಿ ಬಂದ್ ಮಾಡಿ ಒಂದನ್ನೇ ಬಿಟ್ಟರೆ ನೀರು ಜೋರಾಗಿ ಬರುವುದಿಲ್ಲವೇ, ಹಾಗೆ. ನಿಮಗೆ ಬೇಕಾದ್ದು ಎಚ್‌ಬಿಎಂ ಎಂದು ಬರೆದಿರುವ ಸಂಖ್ಯೆ. ಅಂದರೆ ಬಿಸಿಲಲ್ಲಿ ಇಡೀ ಡಿಸ್‌ಪ್ಲೇ ಕೊಡುವ ಬೆಳಕು. ಅದು 1000ದ ಆಸುಪಾಸು ಇದ್ದರೆ ನಮ್ಮ ಬಿಸಿಲಿಗೆ ನಡೆಯುತ್ತದೆ. 500ಕ್ಕಿಂತ ಕಡಿಮೆ ಇದ್ದರೆ ಅಂಗೈ ಅಡ್ಡ ಹಿಡಿದೇ ಫೋನ್ ಪೇ ಪಿನ್ ಒತ್ತಬೇಕು.

ಅಮೋಲೆಡ್ ಒಳ್ಳೆಯದಾ, ಎಲ್‌ಸಿಡಿ ಒಳ್ಳೆಯದಾ?

ಎಲ್‌ಸಿಡಿಗೆ ಹಿಂದಿನಿಂದ ಒಂದು ದೀಪ ಬೆಳಗುತ್ತದೆ, ಮುಂದಿನ ಪದರ ಅದನ್ನು ತಡೆದು ಬಣ್ಣ ಮಾಡುತ್ತದೆ. ಅಮೋಲೆಡ್‌ನಲ್ಲಿ ಪ್ರತಿ ಚುಕ್ಕೆಯೂ ತಾನೇ ದೀಪ. ಕಪ್ಪು ಬೇಕಾದ ಕಡೆ ಚುಕ್ಕೆ ಆರಿಯೇ ಹೋಗುತ್ತದೆ. ಅದಕ್ಕೇ ಅಮೋಲೆಡ್‌ನಲ್ಲಿ ಕಪ್ಪು ಅಷ್ಟು ಗಾಢ. ಕಪ್ಪು ಹಿನ್ನೆಲೆ ಇಟ್ಟುಕೊಂಡರೆ ಬ್ಯಾಟರಿಯೂ ಸ್ವಲ್ಪ ಉಳಿಯುತ್ತದೆ. ಹಗುರ, ತೆಳು. ನೋಡಲು ಅದೇ ಚೆಂದ, ಅದರಲ್ಲಿ ಎರಡು ಮಾತಿಲ್ಲ.

ಇನ್ನು ನನ್ನ ಮೇಜಿನ ಕಡೆಯಿಂದ ಹೇಳುತ್ತೇನೆ. ಗ್ಲಾಸು, ಟಚ್ಚು, ಡಿಸ್‌ಪ್ಲೇ ಮೂರೂ ಈಗ ಅಂಟಿಕೊಂಡ ಒಂದೇ ತುಂಡು. ನಾವು ಕಾಂಬೋ ಎನ್ನುತ್ತೇವೆ. ಮೇಲಿನ ಗ್ಲಾಸ್ ಮಾತ್ರ ಒಡೆದರೂ ಬಹಳ ಸಲ ಇಡೀ ಕಾಂಬೋ ಬದಲಿಸಬೇಕು. ಎಲ್‌ಸಿಡಿ ಕಾಂಬೋ ಅಗ್ಗ. ಅಸಲಿ ಅಮೋಲೆಡ್ ಕಾಂಬೋದ ಬೆಲೆ ಕೇಳಿ ಅಲ್ಲೇ ಕುರ್ಚಿಯಲ್ಲಿ ಕೂತವರನ್ನು ನಾನು ನೋಡಿದ್ದೇನೆ. ಜೊತೆಗೆ ಅಮೋಲೆಡ್‌ನಲ್ಲಿ ಒಂದೇ ಚಿತ್ರ ತಿಂಗಳುಗಟ್ಟಲೆ ನಿಂತರೆ ಅದರ ನೆರಳು ಉಳಿದುಬಿಡುತ್ತದೆ. ದಿನವಿಡೀ ಮ್ಯಾಪ್ ಹಾಕಿಟ್ಟುಕೊಳ್ಳುವ ಟ್ಯಾಕ್ಸಿ ಚಾಲಕರ ಫೋನುಗಳಲ್ಲಿ ಇದನ್ನು ಕಂಡಿದ್ದೇನೆ. ಇದ್ದಕ್ಕಿದ್ದಂತೆ ಮೇಲಿನಿಂದ ಕೆಳಗೆ ಒಂದು ಹಸಿರು ಗೆರೆ ಮೂಡುವ ಕಾಯಿಲೆಯೂ ಅಮೋಲೆಡ್‌ನದೇ. ನನ್ನ ಸ್ವಂತ ಫೋನಿಗೇ ವಾರಂಟಿ ಮುಗಿದ ಎರಡನೇ ತಿಂಗಳಿಗೆ ಬಂತು. ಕಂಪನಿಯ ಸರ್ವಿಸ್ ಸೆಂಟರಿನವರು ನನ್ನನ್ನೇ "ಎಲ್ಲಾದರೂ ಬೀಳಿಸಿದಿರಾ ಸರ್?" ಎಂದು ಕೇಳಿದರು. ರಿಪೇರಿಯವನಿಗೇ ಹೀಗಾದರೆ!

ಹಾಗಾಗಿ ಕೊಳ್ಳುವ ಮುಂಚೆ ಆ ಮಾಡೆಲ್ಲಿನ ಡಿಸ್‌ಪ್ಲೇ ಬೆಲೆ ಎಷ್ಟು ಎಂದು ನೋಡಿ. ಹಲವು ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲೇ ಬಿಡಿಭಾಗಗಳ ದರ ಹಾಕಿರುತ್ತವೆ. ಫೋನಿನ ಬೆಲೆಯ ಅರ್ಧದಷ್ಟು ಡಿಸ್‌ಪ್ಲೇಗೇ ಆಗುತ್ತದೆ ಎಂದಾದರೆ ಒಮ್ಮೆ ಯೋಚಿಸಿ.

ಎಚ್‌ಡಿ ಪ್ಲಸ್, ಫುಲ್ ಎಚ್‌ಡಿ ಪ್ಲಸ್, ಇದರಿಂದ ಏನಾದರೂ ವ್ಯತ್ಯಾಸ ಆಗುತ್ತದೆಯೇ?

ಡಿಸ್‌ಪ್ಲೇಯಲ್ಲಿ ಎಷ್ಟು ಚುಕ್ಕೆ ಇವೆ ಎಂಬುದರ ಹೆಸರು ಇವು. ಇಂಗ್ಲಿಷ್ ಮಾತ್ರ ಓದುವವರಿಗೆ ವ್ಯತ್ಯಾಸ ಅಷ್ಟಾಗಿ ಇಲ್ಲ. ಕನ್ನಡ ಓದುವವರಿಗೆ ಇದೆ. ಒತ್ತಕ್ಷರ ನೋಡಿ. "ರಾಷ್ಟ್ರ", "ಸ್ವಾತಂತ್ರ್ಯ" ಎಂದು ಬರೆದಾಗ ಒಂದು ಅಕ್ಷರದ ಕೆಳಗೆ ಎರಡು ಸಣ್ಣ ಒತ್ತು ಕೂರಬೇಕು. ಚುಕ್ಕೆಗಳು ಕಡಿಮೆ ಇದ್ದರೆ ಒತ್ತುಗಳು ಒಂದಕ್ಕೊಂದು ಮೆತ್ತಿಕೊಂಡು ಇರುವೆಯ ಹಾಗೆ ಕಾಣುತ್ತವೆ. 6.7 ಇಂಚಿನ ಎಚ್‌ಡಿ ಪ್ಲಸ್ ಡಿಸ್‌ಪ್ಲೇಯಲ್ಲಿ 720 ಗುಣಿಸು 1600 ಚುಕ್ಕೆ. ಲೆಕ್ಕ ಹಾಕಿದರೆ ಇಂಚಿಗೆ ಸುಮಾರು 262. ಅದೇ ಅಳತೆಯ ಫುಲ್ ಎಚ್‌ಡಿ ಪ್ಲಸ್‌ನಲ್ಲಿ 1080 ಗುಣಿಸು 2400, ಅಂದರೆ ಇಂಚಿಗೆ ಸುಮಾರು 393.

ಪರೀಕ್ಷೆ ಸುಲಭ. ಡೆಮೊ ಫೋನಿನಲ್ಲಿ ಯಾವುದಾದರೂ ಕನ್ನಡ ಪತ್ರಿಕೆಯ ಪುಟ ತೆರೆಯಿರಿ. ಅಕ್ಷರ ದೊಡ್ಡದು ಮಾಡದೆ ಒತ್ತುಗಳು ಓದಲು ಬಂದರೆ ಪಾಸು.

120 ಹರ್ಟ್ಜ್ ಬೇಕೇ ಬೇಕಾ?

ಡಿಸ್‌ಪ್ಲೇ ಒಂದು ಸೆಕೆಂಡಿಗೆ 120 ಸಲ ಹೊಸ ಚಿತ್ರ ತೋರಿಸುತ್ತದೆ, ಅಷ್ಟೇ. ಪುಟ ಸರಿಸುವಾಗ ಬೆಣ್ಣೆಯ ಹಾಗೆ ಜಾರುತ್ತದೆ. ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ. ಒಳಗಿನ ಚಿಪ್ ಸೋಮಾರಿಯಾಗಿದ್ದರೆ 120 ಇದ್ದರೂ ತಡವರಿಸುತ್ತದೆ. 90 ಸಾಕು ಎಂಬುದು ನನ್ನ ಅಭಿಪ್ರಾಯ. ಗೇಮ್ ಆಡುವ ಹುಡುಗರು ಒಪ್ಪುವುದಿಲ್ಲ.

ರೊಟ್ಟಿ ಬಡಿಯುವಾಗ ಫೋನ್ ಬಂದರೆ ಟಚ್ ಕೆಲಸ ಮಾಡುವುದಿಲ್ಲ. ಫೋನ್ ಕೆಟ್ಟಿದೆಯಾ?

ಕೆಟ್ಟಿಲ್ಲ ಅಕ್ಕಾ. ಈಗಿನ ಟಚ್ ನಿಮ್ಮ ಒತ್ತಡವನ್ನು ಅಳೆಯುವುದೇ ಇಲ್ಲ. ಗ್ಲಾಸಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುತ್ ಜಾಲ ಇರುತ್ತದೆ. ನಮ್ಮ ಮೈಯಲ್ಲಿ ನೀರು, ಉಪ್ಪು ಇರುವುದರಿಂದ ಕರೆಂಟ್ ಹರಿಯುತ್ತದೆ. ಬೆರಳು ಹತ್ತಿರ ಬಂದ ಕೂಡಲೇ ಆ ಜಾಗದ ವಿದ್ಯುತ್ ಕ್ಷೇತ್ರ ಸ್ವಲ್ಪ ಕದಲುತ್ತದೆ. ಎಲ್ಲಿ ಕದಲಿತು ಎಂದು ಚಿಪ್ ಲೆಕ್ಕ ಹಾಕುತ್ತದೆ. ಒಣ ಜೋಳದ ಹಿಟ್ಟು ಬೆರಳಿಗೆ ದಪ್ಪಗೆ ಮೆತ್ತಿದ್ದರೆ ಬೆರಳು ಗ್ಲಾಸಿನಿಂದ ದೂರ ನಿಂತ ಹಾಗೆ ಆಗುತ್ತದೆ. ನೀರಿನ ಹನಿಯಿದ್ದರೆ ಅದಕ್ಕೆ ವಿರುದ್ಧ. ಆ ಹನಿಯೂ ಕ್ಷೇತ್ರವನ್ನು ಕದಲಿಸುವುದರಿಂದ ಅದನ್ನೇ ಬೆರಳು ಎಂದುಕೊಂಡು ಫೋನ್ ತಾನೇ ಒತ್ತಿಕೊಳ್ಳುತ್ತದೆ.

ಹಳೆಯ ಫೋನುಗಳಲ್ಲಿ ಉಗುರಿನಿಂದಲೋ ಕಡ್ಡಿಯಿಂದಲೋ ಒತ್ತುತ್ತಿದ್ದೆವು, ನೆನಪಿದೆಯಾ? ಅದು ಒತ್ತಡದ ಟಚ್. ಹಿಟ್ಟಿನ ಕೈಗೂ ಕೆಲಸ ಮಾಡುತ್ತಿತ್ತು. 2007ರಲ್ಲಿ ಮೊದಲ ಐಫೋನ್ ಬಂದ ಮೇಲೆ ಎಲ್ಲರೂ ಬೆರಳಿನ ಟಚ್ ಕಡೆ ಹೊರಳಿದರು. ಈಗ ಕೆಲವು ಫೋನುಗಳಲ್ಲಿ ಒದ್ದೆ ಕೈಗೂ ನಡೆಯುವ ಟಚ್, ಕೈಗವಸು ಹಾಕಿದರೂ ನಡೆಯುವ ಗ್ಲೌವ್ ಮೋಡ್ ಬರುತ್ತವೆ. ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ರೈತರು, ಅಡುಗೆ ಕೆಲಸದವರು ಇದನ್ನು ಕೇಳಿಯೇ ಕೊಳ್ಳಿ. ಅಂಗಡಿಯಲ್ಲಿ ಬೆರಳು ನೀರಿಗೆ ಅದ್ದಿ ಒತ್ತಿ ನೋಡುವುದಕ್ಕೂ ನಾಚಬೇಡಿ.

ಅಂಚು ಬಾಗಿದ ಡಿಸ್‌ಪ್ಲೇ ಬಹಳ ಚೆಂದ ಕಾಣುತ್ತದೆ. ತಗೊಳ್ಳಲಾ?

ಚೆಂದ ಕಾಣುತ್ತದೆ. ಸಾದಾ ಟೆಂಪರ್ ಗ್ಲಾಸ್ ಅದರ ಮೇಲೆ ಕೂರುವುದಿಲ್ಲ. ದ್ರವ ಅಂಟು ಹಾಕಿ ಬೆಳಕಿನಲ್ಲಿ ಒಣಗಿಸುವ ಗ್ಲಾಸ್ ಬೇಕು. ಆ ಅಂಟು ಸ್ಪೀಕರ್ ಜಾಲಿಯೊಳಗೆ ಇಳಿದು ನನ್ನ ಹತ್ತಿರ ಬರುವ ಫೋನುಗಳಿವೆ. ಅಂಚಿನ ಮೇಲೆ ಬಿದ್ದರೆ ಮೊದಲು ಒಡೆಯುವುದೂ ಆ ಬಾಗಿದ ಗ್ಲಾಸೇ. ನಾನಂತೂ ತಗೊಳ್ಳುವುದಿಲ್ಲ.

ಗೊರಿಲ್ಲಾ ಗ್ಲಾಸ್ ಇದ್ದರೂ ಗೀರು ಬಿದ್ದಿದೆ. ಮೋಸ ಹೋದೆನಾ?

ಇಲ್ಲ. ಆ ಗ್ಲಾಸನ್ನು ಕರಗಿದ ಉಪ್ಪಿನ ಬಿಸಿ ತೊಟ್ಟಿಯಲ್ಲಿ ಅದ್ದುತ್ತಾರೆ. ಗ್ಲಾಸಿನ ಮೇಲ್ಪದರದಲ್ಲಿರುವ ಸಣ್ಣ ಸೋಡಿಯಂ ಕಣಗಳು ಹೊರಬಂದು, ಅವುಗಳ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಕಣಗಳು ಕೂರುತ್ತವೆ. ಇಬ್ಬರು ಕೂರುವ ಬಸ್ ಸೀಟಿನಲ್ಲಿ ಮೂವರು ಕೂತರೆ ಹೇಗೆ ಬಿಗಿಯಾಗುತ್ತದೋ ಹಾಗೆ ಮೇಲ್ಪದರ ಬಿಗಿಯಾಗುತ್ತದೆ. ಆ ಬಿಗಿಯಿಂದಲೇ ಬಿದ್ದಾಗ ಬೇಗ ಒಡೆಯುವುದಿಲ್ಲ.

ಗೀರು ಬೇರೆ ವಿಷಯ. ಕೀಲಿ, ನಾಣ್ಯ ಇವೆಲ್ಲ ಗ್ಲಾಸಿಗಿಂತ ಮೆತ್ತಗೆ. ಜೇಬಿನಲ್ಲಿ ಜೊತೆಗಿದ್ದರೂ ಅಷ್ಟು ಗೀರುವುದಿಲ್ಲ. ಮರಳು ಗೀರುತ್ತದೆ. ಅದರಲ್ಲಿ ಕ್ವಾರ್ಟ್ಜ್ ಇರುತ್ತದೆ. ಗಟ್ಟಿತನದ ಮೋಸ್ ಅಳತೆಯಲ್ಲಿ ಕ್ವಾರ್ಟ್ಜ್ 7, ಗ್ಲಾಸು ಸುಮಾರು 6. ಬಾದಾಮಿಯ ಕೆಂಪು ಕಲ್ಲು ಅಂದರೆ ಇದೇ ಮರಳಿನ ಕಣಗಳು ಸೇರಿ ಆದ ಕಲ್ಲು. ಗುಹೆ ನೋಡಲು ಹೋಗಿ ಫೋನನ್ನು ಆ ಮೆಟ್ಟಿಲ ಮೇಲೆ ಮುಖ ಕೆಳಗೆ ಮಾಡಿ ಇಟ್ಟವರು ಗೀರಿನ ಜೊತೆ ವಾಪಸ್ ಬರುತ್ತಾರೆ. ಕಟ್ಟಡ ಕೆಲಸದವರ ಪ್ಯಾಂಟಿನ ಜೇಬಿನಲ್ಲಿ ಉಳಿದ ನಾಲ್ಕು ಕಣ ಮರಳೂ ಸಾಕು. ಟೆಂಪರ್ ಗ್ಲಾಸ್ ಹಾಕಿಸಿ, ಗೀರು ಅದರ ಮೇಲೆ ಬೀಳಲಿ.

ಹಿಂಭಾಗ ಗ್ಲಾಸ್ ಇರಬೇಕಾ, ಪ್ಲಾಸ್ಟಿಕ್ಕಾ?

ಪ್ಲಾಸ್ಟಿಕ್. ಹೇಗಿದ್ದರೂ ಎಲ್ಲರೂ ಪೌಚ್ ಹಾಕುತ್ತೀರಿ, ಹಿಂದಿನ ಗ್ಲಾಸ್ ಯಾರಿಗೆ ತೋರಿಸಲು? ತೊಗಲಿನ ಹಾಗೆ ಕಾಣುವ ಹಿಂಬದಿಯೂ ಬಂದಿದೆ. ಕೈಗೆ ಹಿತ, ಜಾರುವುದಿಲ್ಲ, ಆದರೆ ಒಂದೆರಡು ವರ್ಷಕ್ಕೆ ಅಂಚು ಸುಲಿಯುವುದನ್ನು ಕಂಡಿದ್ದೇನೆ. ಹಿಂದಿನಿಂದ ಕ್ಯಾಮೆರಾ ಬಹಳ ಉಬ್ಬಿದೆಯಾ ನೋಡಿ. ಮೇಜಿನ ಮೇಲಿಟ್ಟು ಟೈಪ್ ಮಾಡಿದರೆ ಮೂರು ಕಾಲಿನ ಕುರ್ಚಿಯ ಹಾಗೆ ಅಲ್ಲಾಡುವ ಫೋನುಗಳು ಈಗ ಜಾಸ್ತಿ.

ತೂಕ ಇದಕ್ಕಿಂತ ಮುಖ್ಯ. 200 ಗ್ರಾಂ ದಾಟಿದ ಫೋನ್ ಅಂಗಿಯ ಎದೆಯ ಜೇಬಿನಲ್ಲಿ ನಿಲ್ಲುವುದಿಲ್ಲ. ಕಬ್ಬಿನ ಗದ್ದೆಯಲ್ಲಿ, ಬಾವಿ ಕಟ್ಟೆಯಲ್ಲಿ ಬಗ್ಗಿದ ಕೂಡಲೇ ಮೊದಲು ಕೆಳಗಿಳಿಯುವುದು ಅದೇ. ಅಂಗಡಿಯಲ್ಲೇ ಜೇಬಿಗೆ ಹಾಕಿಕೊಂಡು ಒಮ್ಮೆ ಬಗ್ಗಿ. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳು ಮೇಲಿನ ಮೂಲೆ ಮುಟ್ಟುತ್ತದಾ ನೋಡಿ. ಇನ್ನೊಂದು ಕೈಯಲ್ಲಿ ಬೈಕಿನ ಕೀಲಿಯೋ ಮಗುವೋ ಇದ್ದೇ ಇರುತ್ತದೆ.

ಐಪಿ68 ಅಂದರೆ ಬಾವಿಗೆ ಬಿದ್ದರೂ ಏನೂ ಆಗುವುದಿಲ್ಲವೇ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು, ಏಕೆಂದರೆ ಇದರಿಂದ ಕೆಟ್ಟ ಫೋನುಗಳು ನನ್ನ ಮೇಜಿಗೆ ಬಹಳ ಬರುತ್ತವೆ.

ಐಪಿ ಎಂಬುದು ಧೂಳು, ನೀರು ತಡೆಯುವ ಅಳತೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಧೂಳಿನಲ್ಲಿ 6 ಎಂದರೆ ಒಳಗೆ ಧೂಳು ಹೋಗುವುದೇ ಇಲ್ಲ, 5 ಎಂದರೆ ಸ್ವಲ್ಪ ಹೋದೀತು. ನೀರಿನಲ್ಲಿ 4 ಎಂದರೆ ಎರಚಿದ ನೀರು ತಡೆಯುತ್ತದೆ. 7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. 8 ಎಂದರೆ ಅದಕ್ಕಿಂತ ಆಳ, ಎಷ್ಟು ಆಳ ಎಷ್ಟು ಹೊತ್ತು ಎಂದು ಆಯಾ ಕಂಪನಿ ಹೇಳಬೇಕು. 9 ಎಂದರೆ ಜೋರಾಗಿ ಚಿಮ್ಮುವ ಬಿಸಿನೀರು. ಬರೀ 9 ಇದ್ದರೆ ಮುಳುಗಿಸಬಹುದು ಎಂದು ಅರ್ಥವಲ್ಲ, ಅದಕ್ಕೇ ಐಪಿ68, ಐಪಿ69 ಎರಡನ್ನೂ ಬರೆದಿರುತ್ತಾರೆ.

ಈ ಪರೀಕ್ಷೆಯೆಲ್ಲ ಶುದ್ಧ ನೀರಿನಲ್ಲಿ, ಹೊಚ್ಚ ಹೊಸ ಫೋನಿನ ಮೇಲೆ. ದ್ರಾಕ್ಷಿ ಪಡಕ್ಕೆ ಎಣ್ಣೆ ಹೊಡೆಯುವ ಬ್ಯಾರಲ್ಲಿನ ನೀರು ಶುದ್ಧ ನೀರಲ್ಲ. ಹೋದ ವರ್ಷ ತಿಕೋಟಾ ಕಡೆಯ ಒಬ್ಬ ಕಾಕಾ ಅಂಥ ಬ್ಯಾರಲ್ಲಿಗೆ ಬೀಳಿಸಿ ತಂದರು. ಫೋನ್ ಐಪಿ68. ತೆಗೆದ ಕೂಡಲೇ ಚಾರ್ಜಿಗೆ ಹಾಕಿದ್ದರಂತೆ. ಒಳಗೆ ಚಾರ್ಜಿಂಗ್ ಪಿನ್ನು ಹಸಿರುಗಟ್ಟಿ ಹೋಗಿತ್ತು. ನೀರಿಗೆ ಬಿದ್ದ ಫೋನಿಗೆ ಬಹಳ ಕಂಪನಿಗಳು ವಾರಂಟಿ ಕೊಡುವುದಿಲ್ಲ, ಐಪಿ ಎಷ್ಟೇ ಇರಲಿ. ಇನ್ನೊಂದು ಸತ್ಯ, ನನ್ನ ಹೊಟ್ಟೆಪಾಡಿಗೆ ವಿರುದ್ಧವಾದರೂ ಹೇಳುತ್ತೇನೆ: ನಾನು ಒಮ್ಮೆ ಬಿಚ್ಚಿದ ಮೇಲೆ ಆ ಫೋನಿನ ಅಂಟು ಮೊದಲಿನ ಹಾಗೆ ಇರುವುದಿಲ್ಲ. ಆಮೇಲೆ ಅದನ್ನು ನೀರಿನಿಂದ ದೂರವೇ ಇಡಿ.

ನೀರಿಗೆ ಬಿದ್ದರೆ ಆಫ್ ಮಾಡಿ, ಒರೆಸಿ, ಚಾರ್ಜಿಂಗ್ ಪಿನ್ನು ಕೆಳಮುಖ ಮಾಡಿ ಗಾಳಿಗೆ ಇಡಿ. ಅಕ್ಕಿಯಲ್ಲಿ ಹೂಳಬೇಡಿ, ಪುಡಿ ಒಳಗೆ ಹೋಗುತ್ತದೆ. ಅಕ್ಕಿ ಇಲ್ಲವೆಂದು ಜೋಳದ ಚೀಲದಲ್ಲಿ ಹೂತು ತಂದವರೂ ನಮ್ಮೂರಲ್ಲಿ ಇದ್ದಾರೆ. ಸ್ಪೀಕರಿನಿಂದ ನುಚ್ಚು ತೆಗೆಯುವಷ್ಟರಲ್ಲಿ ಸಾಕಾಯಿತು.

ಬೇಸಿಗೆಯಲ್ಲಿ ಫೋನ್ ಕಾದು ಹ್ಯಾಂಗ್ ಆಗುತ್ತದೆ. ಕಾಯದ ಫೋನ್ ಯಾವುದು?

ಕಾಯದ ಫೋನ್ ಇಲ್ಲ. ಕಾದರೂ ಸಂಭಾಳಿಸುವ ಫೋನ್ ಇದೆ. ಡಬ್ಬಿಯೊಳಗಿನ ಪುಟ್ಟ ಪುಸ್ತಕ ತೆರೆದು ನೋಡಿ. ಬಳಸಬೇಕಾದ ವಾತಾವರಣ 0ರಿಂದ 35 ಡಿಗ್ರಿ ಎಂದು ದೊಡ್ಡ ಕಂಪನಿಗಳೇ ಬರೆದಿರುತ್ತವೆ. ನಮ್ಮಲ್ಲಿ ಮಾರ್ಚ್‌ನಲ್ಲೇ ಆ ಗೆರೆ ದಾಟಿ ಹೋಗುತ್ತದೆ! ಈ ಫೋನುಗಳನ್ನು ಯಾವ ಊರಿನವರನ್ನು ತಲೆಯಲ್ಲಿಟ್ಟುಕೊಂಡು ಮಾಡುತ್ತಾರೋ.

ಕಾದಾಗ ಫೋನ್ ಮೂರು ಕೆಲಸ ಮಾಡುತ್ತದೆ. ಚಿಪ್ಪಿನ ವೇಗ ಇಳಿಸುತ್ತದೆ, ಡಿಸ್‌ಪ್ಲೇ ಮಂಕು ಮಾಡುತ್ತದೆ, ಚಾರ್ಜ್ ನಿಧಾನ ಮಾಡುತ್ತದೆ. ಒಳಗೆ ವೇಪರ್ ಚೇಂಬರ್ ಎಂಬ ತೆಳುವಾದ ತಾಮ್ರದ ಪೆಟ್ಟಿಗೆ ಇದ್ದರೆ ಬಿಸಿ ಒಂದೇ ಕಡೆ ನಿಲ್ಲದೆ ಹರಡುತ್ತದೆ. ಅದರೊಳಗಿನ ಹನಿ ನೀರು ಆವಿಯಾಗಿ, ತಂಪಾದ ಕಡೆ ಮತ್ತೆ ನೀರಾಗಿ, ಹಾಗೇ ಸುತ್ತುತ್ತಿರುತ್ತದೆ. ಅಗ್ಗದ ಫೋನುಗಳಲ್ಲಿ ಬರೀ ಗ್ರಾಫೈಟ್ ಹಾಳೆ ಅಂಟಿಸಿರುತ್ತಾರೆ. ಬಿಚ್ಚಿ ನೋಡಿದಾಗ ಕೆಲವದರಲ್ಲಿ ಅಂಗೈ ಅಗಲ ಇರುತ್ತದೆ, ಕೆಲವದರಲ್ಲಿ ಅಂಚೆ ಚೀಟಿಯಷ್ಟು.

ಬೈಕಿನ ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸಿಕೊಂಡು ಬಿಸಿಲಲ್ಲಿ ಓಡಿಸುವವರಿಗೆ ಇನ್ನೊಂದು ಮಾತು. ಇಂಜಿನ್ನಿನ ನಡುಕ ಕ್ಯಾಮೆರಾಕ್ಕೆ ಒಳ್ಳೆಯದಲ್ಲ ಎಂದು ಆಪಲ್ 2021ರಲ್ಲೇ ಹೇಳಿತ್ತು. ಕೈ ನಡುಗಿದರೂ ಫೋಟೊ ಸ್ಥಿರವಾಗಿ ಬರಲಿ ಎಂದು ಲೆನ್ಸು ಅಲುಗಾಡುವ ಹಾಗೆ ಮಾಡಿರುತ್ತಾರೆ. ನಡುಕದಿಂದ ಅದೇ ಸಡಿಲವಾಗುತ್ತದೆ. ವಿಜಯಪುರ, ಸಿಂದಗಿ ಮಧ್ಯೆ ದಿನಾ ಓಡಾಡುವ ಒಬ್ಬ ಹುಡುಗನ ಫೋನಿನಲ್ಲಿ ಫೋಟೊ ತೆಗೆದರೆ ಎಲ್ಲರೂ ಅವಳಿ ಜವಳಿ ಕಾಣುತ್ತಿದ್ದರು.

ಬ್ಯಾಟರಿ 7000 ಎಂಎಎಚ್ ಎನ್ನುತ್ತಾರೆ. ಫೋನ್ ಹೇಗೆ ಅಷ್ಟು ತೆಳ್ಳಗಿದೆ?

ಬ್ಯಾಟರಿಯ ಒಂದು ಬದಿಯಲ್ಲಿ ಗ್ರಾಫೈಟ್ ಜೊತೆ ಸಿಲಿಕಾನ್ ಬೆರೆಸುತ್ತಾರೆ. ಸಿಲಿಕಾನ್ ಹೆಚ್ಚು ಲಿಥಿಯಂ ಹಿಡಿದುಕೊಳ್ಳುತ್ತದೆ, ಹಾಗಾಗಿ ಅಷ್ಟೇ ಜಾಗದಲ್ಲಿ ಜಾಸ್ತಿ ಚಾರ್ಜ್ ತುಂಬುತ್ತದೆ. ಸಿಲಿಕಾನ್ ಚಾರ್ಜ್ ಆಗುವಾಗ ಉಬ್ಬುತ್ತದೆ ಎಂಬುದೇ ಅದರ ತಕರಾರು. ಅದಕ್ಕೇ ಕಾರ್ಬನ್ ಜೊತೆ ಸೇರಿಸಿ ಹದ ಮಾಡಿರುತ್ತಾರೆ.

ಎಂಎಎಚ್‌ಗಿಂತ ಎಷ್ಟು ಸಲ ಚಾರ್ಜ್ ಮಾಡಿದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಕೇಳಿ. 2025ರ ಜೂನ್‌ನಿಂದ ಯುರೋಪಿನಲ್ಲಿ ಮಾರುವ ಫೋನುಗಳ ಬ್ಯಾಟರಿ 800 ಸುತ್ತು ಚಾರ್ಜ್ ಆದ ಮೇಲೂ 80 ಶೇಕಡಾ ಉಳಿಸಿಕೊಂಡಿರಬೇಕು ಎಂದು ಅಲ್ಲಿ ನಿಯಮ ಇದೆ. ಅದೇ ಮಾಡೆಲ್ ಅಲ್ಲೂ ಮಾರಾಟವಾಗುತ್ತಿದ್ದರೆ ಒಂದು ಭರವಸೆ. ಡಬ್ಬಿಯಲ್ಲಿ ಚಾರ್ಜರ್ ಇದೆಯಾ ನೋಡಿ, ಈಗ ಬಹಳ ಕಡೆ ಕೊಡುವುದಿಲ್ಲ. 80 ವ್ಯಾಟ್ ಎಂದು ಬರೆದಿದ್ದರೂ ಬೇರೆ ಕಂಪನಿಯ ಚಾರ್ಜರ್ ಹಾಕಿದರೆ ಆ ವೇಗ ಸಿಗದಿರಬಹುದು. ಯುಎಸ್‌ಬಿ ಪಿಡಿ, ಪಿಪಿಎಸ್ ಎಂದು, ಅಂದರೆ ಬೇರೆ ಬೇರೆ ಕಂಪನಿಗಳಿಗೂ ಹೊಂದುವ ಚಾರ್ಜಿಂಗ್ ಪದ್ಧತಿಯ ಹೆಸರು, ಎಲ್ಲದರ ಮೇಲೂ ಬರೆದಿದ್ದರೆ ಮನೆಯವರ ಎಲ್ಲರ ಫೋನಿಗೂ ಒಂದೇ ಚಾರ್ಜರ್ ಸಾಕು.

ರಬಕವಿ, ಬನಹಟ್ಟಿ, ಇಳಕಲ್ ಕಡೆಯ ನೇಕಾರರೇ, ನಿಮ್ಮ ಫೋನ್ ಚಾರ್ಜ್ ಆಗದಿದ್ದರೆ ಬ್ಯಾಟರಿ ಬೈಯುವ ಮುಂಚೆ ಪಿನ್ನಿನೊಳಗೆ ಇಣುಕಿ. ಹತ್ತಿಯ ಎಳೆ ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ ಬೇಡ.

8 ಪ್ಲಸ್ 8, ಒಟ್ಟು 16 ಜಿಬಿ ರ್ಯಾಮ್. ಒಳ್ಳೆ ಲೆಕ್ಕ ಅಲ್ವಾ?

ರ್ಯಾಮ್ ಅಂದರೆ ತೆರೆದಿಟ್ಟ ಆ್ಯಪ್‌ಗಳು ಕೆಲಸ ಮಾಡುವ ಜಾಗ. ಎರಡನೇ 8 ರ್ಯಾಮ್ ಅಲ್ಲ. ಫೋಟೊ, ವಿಡಿಯೊ ಇಡುವ ಸ್ಟೋರೇಜಿನ ಒಂದು ತುಂಡನ್ನು ಕಡ ತಂದು ರ್ಯಾಮ್ ಎಂದು ಕರೆಯುತ್ತಾರೆ. ಅಡುಗೆ ಮನೆ ಚಿಕ್ಕದೆಂದು ಹಿತ್ತಲಲ್ಲಿ ಒಲೆ ಹೂಡಿದ ಹಾಗೆ. ಕೆಲಸ ಆಗುತ್ತದೆ, ಓಡಾಟ ಜಾಸ್ತಿ.

ಅದಕ್ಕಿಂತ ಸ್ಟೋರೇಜ್ ಯಾವ ಜಾತಿಯದು ಕೇಳಿ. ಇಎಂಎಂಸಿ 5.1 ಎಂದಿದ್ದರೆ ಅದರ ದಾರಿಯ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ. ಯುಎಫ್‌ಎಸ್ 2.2 ಆದರೆ ಅದರ ಸುಮಾರು ಮೂರು ಪಟ್ಟು. ಹೊಸದರಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡು ವರ್ಷಕ್ಕೆ ವಾಟ್ಸಾಪ್ ತುಂಬಿದ ಮೇಲೆ ಗೊತ್ತಾಗುತ್ತದೆ. ನಿಧಾನವಾಯಿತು ಎಂದು ನನ್ನ ಹತ್ತಿರ ಬರುವ ಫೋನುಗಳಲ್ಲಿ ಹೆಚ್ಚಿನವು ಇಎಂಎಂಸಿಯವು.

200 ಮೆಗಾಪಿಕ್ಸೆಲ್ ಕ್ಯಾಮೆರಾ 50ಕ್ಕಿಂತ ನಾಲ್ಕು ಪಟ್ಟು ಒಳ್ಳೆಯದೇ?

50 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಚುಕ್ಕೆ ಸೇರಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ. 200ರದ್ದು ಹದಿನಾರು ಸೇರಿಸಿ ಒಂದು ಮಾಡುತ್ತದೆ. ಅದೂ 12.5. ಲೆಕ್ಕ ಅಲ್ಲಿಗೇ ಬಂತು! ನೋಡಬೇಕಾದ್ದು ಸೆನ್ಸರ್ ಎಷ್ಟು ದೊಡ್ಡದು ಎಂಬುದು. ಅಂಗಳ ದೊಡ್ಡದಿದ್ದರೆ ಮಳೆ ನೀರು ಜಾಸ್ತಿ ಬೀಳುತ್ತದೆ, ಸೆನ್ಸರ್ ದೊಡ್ಡದಿದ್ದರೆ ಬೆಳಕು. 1/1.5 ಇಂಚು 1/2.8ಕ್ಕಿಂತ ದೊಡ್ಡದು, ಕೆಳಗಿನ ಸಂಖ್ಯೆ ಚಿಕ್ಕದಿದ್ದಷ್ಟೂ ಸೆನ್ಸರ್ ದೊಡ್ಡದು. ಜೊತೆಗೆ ಓಐಎಸ್, ಅಂದರೆ ಮೇಲೆ ಹೇಳಿದ ಕೈ ನಡುಕ ತಡೆಯುವ ಲೆನ್ಸು, ಇದೆಯಾ ನೋಡಿ. 2 ಮೆಗಾಪಿಕ್ಸೆಲ್ಲಿನ ಮ್ಯಾಕ್ರೊ, ಡೆಪ್ತ್ ಎಂಬವು ಹಿಂದೆ ಮೂರು ಕಣ್ಣು ಕಾಣಲಿ ಎಂದು ಇಟ್ಟವು.

ನಮ್ಮೂರಲ್ಲಿ ಪರೀಕ್ಷೆಗೆ ಗೋಳಗುಮ್ಮಟಕ್ಕಿಂತ ಒಳ್ಳೆ ಜಾಗ ಬೇಡ. ಗುಮ್ಮಟದ ಅಗಲವೇ ಸುಮಾರು 44 ಮೀಟರ್. ಹತ್ತಿರ ನಿಂತು ಪೂರ್ತಿ ಕಟ್ಟಡ ಹಿಡಿಯಲು ಅಲ್ಟ್ರಾವೈಡ್ ಲೆನ್ಸ್ ಬೇಕು. ಒಳಗೆ ಹೋದರೆ ಮಬ್ಬು ಬೆಳಕು. ಅಲ್ಲಿ ಗೋಡೆಯ ಗಾರೆ ಗಾರೆಯಾಗಿ ಕಂಡರೆ ಕ್ಯಾಮೆರಾ ಗೆದ್ದಿತು, ಬಣ್ಣ ಬಳಿದ ಹಾಗೆ ಕಂಡರೆ ಸೋತಿತು. ಗೆಳೆಯರ ಹತ್ತಿರ ಆ ಮಾಡೆಲ್ ಇದ್ದರೆ ಕರೆದುಕೊಂಡು ಹೋಗಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವಾಗ ತೆಗೆದ ಫೋಟೊ ಕೇಳಿ ನೋಡುವುದೂ ಒಳ್ಳೆಯ ಉಪಾಯ.

ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. 5ಜಿ ಫೋನ್ ತಗೊಂಡರೆ ಬರುತ್ತದೆಯೇ?

ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇದ್ದರೆ ಯಾವ ಅಲೆಗೂ ಕಷ್ಟ. 5ಜಿ ಅಲೆಗಳನ್ನು ಬ್ಯಾಂಡ್ ಎಂಬ ಗುಂಪುಗಳಾಗಿ ಹಂಚಿರುತ್ತಾರೆ. 3300 ಮೆಗಾಹರ್ಟ್ಜ್ ಮೇಲಿನ ಎನ್78 ಬ್ಯಾಂಡ್ ವೇಗ ಕೊಡುತ್ತದೆ, ಗೋಡೆ ಅಷ್ಟಾಗಿ ದಾಟುವುದಿಲ್ಲ. 700 ಮೆಗಾಹರ್ಟ್ಜ್‌ನ ಎನ್28 ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪ ದಾಟುತ್ತದೆ. ಹಾಗಾಗಿ ಫೋನಿನ ಪಟ್ಟಿಯಲ್ಲಿ ಎರಡೂ ಇರಬೇಕು. ಬಿಎಸ್ಸೆನ್ನೆಲ್ 4ಜಿ ಬಳಸುವವರು ಬ್ಯಾಂಡ್ 28 ಮತ್ತು ಬ್ಯಾಂಡ್ 1 ಇವೆಯಾ ಹುಡುಕಿ. ಬೇರೆ ದೇಶದಿಂದ ತಂದ ಫೋನುಗಳಲ್ಲಿ ಬ್ಯಾಂಡ್ ಬೇರೆ ಇರಬಹುದು. ದುಬೈಯಿಂದ ಅಳಿಯ ತಂದ ಎಂದು ಖುಷಿಪಡುವ ಮುಂಚೆ ಇದನ್ನು ನೋಡಿ.

ಅಪ್ಪನ ಬೆರಳಚ್ಚು ಫೋನಿಗೆ ಹತ್ತುವುದೇ ಇಲ್ಲ.

ಗಾರೆ ಕೆಲಸ, ಬೆಲ್ಲದ ಗಾಣ, ಹೊಲದ ಕೆಲಸ ಮಾಡಿದ ಕೈಗಳ ಗೆರೆ ಸವೆದಿರುತ್ತದೆ. ಡಿಸ್‌ಪ್ಲೇ ಕೆಳಗಿನ ಅಗ್ಗದ ಆಪ್ಟಿಕಲ್ ಸೆನ್ಸರ್ ಬೆಳಕು ಹಾಯಿಸಿ ಬೆರಳಿನ ಫೋಟೊ ತೆಗೆಯುತ್ತದೆ, ಅದಕ್ಕೆ ಗೆರೆ ಕಾಣುವುದಿಲ್ಲ. ಅಲ್ಟ್ರಾಸಾನಿಕ್ ಸೆನ್ಸರ್ ಶಬ್ದದ ಅಲೆಯಿಂದ ಉಬ್ಬುತಗ್ಗು ಅಳೆಯುತ್ತದೆ, ಒದ್ದೆ ಬೆರಳಿಗೂ ನಡೆಯುತ್ತದೆ, ಆದರೆ ದುಬಾರಿ ಫೋನುಗಳಲ್ಲಿ ಮಾತ್ರ. ಬದಿಯ ಪವರ್ ಬಟನ್ನಿನ ಸೆನ್ಸರ್ ನನ್ನ ಅನುಭವದಲ್ಲಿ ವಾಸಿ. ಅಂಗಡಿಗೆ ಅಪ್ಪನನ್ನೇ ಕರೆದುಕೊಂಡು ಹೋಗಿ, ಕಿರುಬೆರಳು ಹಾಕಿಸಿ ನೋಡಿ. ಕಿರುಬೆರಳು ಕಡಿಮೆ ಸವೆದಿರುತ್ತದೆ.

ಜನ ಮರೆತುಬಿಡುವ ಸಣ್ಣ ಸಂಗತಿಗಳು ಯಾವುವು?

ಮೆಮೊರಿ ಕಾರ್ಡ್ ಹಾಕಿದರೆ ಎರಡನೇ ಸಿಮ್ಮಿಗೆ ಜಾಗ ಉಳಿಯುತ್ತದೆಯೇ. ಇಯರ್‌ಫೋನಿನ ಗುಂಡು ತೂತು ಇದೆಯೇ. ಟಿವಿ ರಿಮೋಟ್ ಕಳೆದಾಗ ನೆರವಿಗೆ ಬರುವ ಐಆರ್ ಬ್ಲಾಸ್ಟರ್. ಮ್ಯಾಪ್ ಬಳಸುವವರಿಗೆ ದಿಕ್ಸೂಚಿ, ಇಲ್ಲದಿದ್ದರೆ ಬಾಣ ಸುಮ್ನೆ ಗಿರಗಿರ ತಿರುಗುತ್ತದೆ. ಮತ್ತೆ ಫೋನ್ ಕಿವಿಗೆ ಹಿಡಿದಾಗ ಡಿಸ್‌ಪ್ಲೇ ಆರಿಸುವ ಪ್ರಾಕ್ಸಿಮಿಟಿ ಸೆನ್ಸರ್. ಅಗ್ಗದ ಫೋನುಗಳಲ್ಲಿ ಇದನ್ನು ಸಾಫ್ಟ್‌ವೇರಿನಲ್ಲೇ ನಟಿಸುತ್ತಾರೆ. ಮಾತಾಡುವಾಗ ಡಿಸ್‌ಪ್ಲೇ ಆರದೆ ಕೆನ್ನೆ ತಾಗಿ ಕರೆ ಕಟ್ ಆಗುತ್ತದೆ. ಅಂಗಡಿಯಲ್ಲೇ ಒಂದು ಕರೆ ಮಾಡಿ ಪರೀಕ್ಷಿಸಿ.

ಡಬ್ಬಿ ಸೀಲ್ ಇದೆ. ಫೋನ್ ಅಸಲಿ ಎಂದು ಹೇಗೆ ನಂಬುವುದು?

ಸೀಲ್ ನಿಮ್ಮ ಮುಂದೆಯೇ ಒಡೆಸಿ. *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಡಬ್ಬಿ, ಬಿಲ್ಲು, ಫೋನ್ ಮೂರರಲ್ಲೂ ಅದೇ ಇರಬೇಕು. ಕೆವೈಎಂ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ನಕಲಿ, ತಡೆಹಿಡಿದದ್ದು ಎಂದು ಉತ್ತರ ಬಂದರೆ ಅಲ್ಲೇ ಇಟ್ಟು ಬನ್ನಿ. ಸೆಕೆಂಡ್ ಹ್ಯಾಂಡ್ ಆದರಂತೂ ಇದನ್ನು ಬಿಡಲೇಬೇಡಿ. ವಿಕಿರಣದ ಹೆದರಿಕೆ ಇರುವವರು *#07# ಒತ್ತಿ, ಮೈ ಹೀರುವ ಅಲೆಗಳ ಅಳತೆ (ಎಸ್‌ಎಆರ್) ನೋಡಿ. ನಮ್ಮ ದೇಶದ ಮಿತಿ ಕಿಲೋಗೆ 1.6 ವ್ಯಾಟ್, ಅದರೊಳಗೆ ಇದ್ದರೆ ಸರಿ.

ಅಮ್ಮನಿಗೆ ಕೊಡಿಸಬೇಕು. ಯಾವುದು ತಗೊಳ್ಳಲಿ?

ಅವರನ್ನೇ ಕೇಳಿ. ನಾನು ನಮ್ಮ ಅವ್ವನಿಗೆ ಮೂರು ಫೋನ್ ಆರಿಸಿ, ಡಿಸ್‌ಪ್ಲೇ, ಬ್ಯಾಟರಿ, ಚಿಪ್ ಎಲ್ಲ ಹೋಲಿಸಿ, ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಮೂರನ್ನೂ ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿದಳು. ಒಂದು ಜಾರುತ್ತದೆ ಎಂದಳು. ಇನ್ನೊಂದರ ಮೇಲೆ ಅಕ್ಷರ ಸಣ್ಣ. ಮೂರನೆಯದರಿಂದ ತಂಗಿಗೆ ಫೋನ್ ಹಚ್ಚಿಸಿ, ಬಾಗಿಲ ಹೊರಗೆ ಬಿಸಿಲಲ್ಲಿ ನಿಂತು ಕಾಲು ಗಂಟೆ ಮಾತಾಡಿದಳು. ಒಳಗೆ ಬಂದು, "ಇದ್ರಾಗ ಆಕಿ ಧ್ವನಿ ಸ್ವಚ್ಛ ಕೇಳಸ್ತದ, ಇದ ಇರ್ಲಿ" ಎಂದಳು. ನನ್ನ ಪಟ್ಟಿಯಲ್ಲಿ ಅದು ಮೂರನೇ ನಂಬರಿನದ್ದು. ನಾಲ್ಕು ವರ್ಷ ಆಯಿತು, ಇನ್ನೂ ಬಿಚ್ಚುವ ಪ್ರಸಂಗ ಬಂದಿಲ್ಲ.